ಉಡಿಯಲ್ಲಿ ಬಂದ ವಿಲಾಯ್ತಿ ಹೂವು

ಆ ಹೂವು ಎಲ್ಲಿ ಬೆಳೆಯುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ: ನೀವು ಬೆಳೆಸಬೇಕೆಂದುಕೊಂಡ ಜಾಗ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ. ಗೊಬ್ಬರ ಹಾಕಿ, ನೀರುಣಿಸಿ, ಸುತ್ತ ಇಟ್ಟಿಗೆ ಜೋಡಿಸಿ ಮಡಿ ಮಾಡಿಕೊಟ್ಟಿರೋ, ಅದಕ್ಕೆ ಅವಮಾನವಾಗುತ್ತದೆ. ಎಲೆ ಇಳಿಬಿಟ್ಟು, ಕುತ್ತಿಗೆ ವಾಲಿಸಿ ಸತ್ತೇ ಹೋಗುತ್ತದೆ. ಅದನ್ನೇ ಕಿತ್ತು ಗೋಡೆಯಾಚೆ ಒಗೆದು ನೋಡಿ. ಮುರಿದ ಕೆಂಪು ಕಲ್ಲಿನ ರಾಶಿ, ಹಾಳು ಬಾವಿಯ ದಂಡೆ, ಸಡಕಿನ ಬದಿಯ ತಗ್ಗು, ಮನೆ ಬಿದ್ದು ಮಣ್ಣು ಸಡಿಲಾದ ಜಾಗ, ಎಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲವೋ ಅಲ್ಲಿ ಆಳೆತ್ತರ ದಾಟಿ ನಿಂತು, ಅಂಗೈ ಅಗಲದ ಹಳದಿ ಹೂವು ಬಿಟ್ಟುಕೊಂಡು ನಗುತ್ತದೆ.

ಅದರ ತವರು ಮೆಕ್ಸಿಕೊ ಅಂತೆ. ಇದನ್ನು ನನಗೆ ಹೇಳಿದವರು ಕೃಷಿ ಕಾಲೇಜಿನಲ್ಲಿ ಕಲಿಸುವ ಒಬ್ಬರು, ಅದೂ ನನ್ನ ಕೂದಲು ಪೂರಾ ಬೆಳ್ಳಗಾದ ಮೇಲೆ. ಸೂರ್ಯಕಾಂತಿಯ ಕಾಡು ದಾಯಾದಿ ಅದು. ತನ್ನ ದೇಶದಲ್ಲಿ ಗೋವಿನಜೋಳದ ಹೊಲದ ಬದುವಿಗೆ, ಹಳ್ಳದ ದಂಡೆಗೆ ತನ್ನ ಪಾಡಿಗೆ ತಾನು ಇರುತ್ತದಂತೆ. ಅಲ್ಲಿ ಅದನ್ನು ತಿನ್ನುವ ಹುಳ ಉಂಟು, ಅದರ ಅಳತೆ ಗೊತ್ತಿರುವ ನೆರೆಹೊರೆ ಉಂಟು. ಚಂದ ಇದೆ ಎಂದು ಹೊರದೇಶಕ್ಕೆ ಒಯ್ದ ಕಡೆಯೆಲ್ಲ, ಆಫ್ರಿಕಾ ಇರಲಿ ಸಿಂಹಳ ಇರಲಿ, ಮೊದಲು ಅದು ತೋಟದೊಳಗೆ ಇತ್ತು, ಆಮೇಲೆ ತೋಟ ಅದರೊಳಗೆ ಇತ್ತು. ಹರಡುವುದು ಹೇಗೆ ಎಂದು ಕೇಳಿದೆ. ಗಾಳಿ, ನೀರು, ಸಡಕು, ಮೋಟಾರಿನ ಗಾಲಿ, ದನದ ಕಾಲು ಎಂದು ಅವರು ಒಂದೊಂದೇ ಬೆರಳು ಮಡಚುತ್ತ ಹೋದರು. ಹೆಂಗಸರ ಉಡಿ ಎಂದು ಒಂದು ಬೆರಳೂ ಮಡಚಲಿಲ್ಲ. ಅವರ ತಪ್ಪಲ್ಲ, ಗಂಡಸರು, ಉಡಿ ತುಂಬಿಸಿಕೊಂಡವರಲ್ಲ. ನಾನು ತುಂಬಿಸಿಕೊಂಡವಳು. ಕಲ್ಯಾಣಿಯಿಂದ ಹುಮನಾಬಾದಿಗೆ ಆ ಹೂವು ನನ್ನ ಸೆರಗಿನಲ್ಲಿ ಕೂತು ಬಂತು, ಮತ್ತು ಅದರ ದೆಸೆಯಿಂದ ನಾನು ಗಂಡನ ಮನೆ ಬಿಡುವ ಹೊತ್ತು ಬಂದಿತ್ತು.

ಈಗ ಬಸವಕಲ್ಯಾಣ ಎನ್ನುವ ನನ್ನ ತವರಿಗೆ ಆಗ ಬರೀ ಕಲ್ಯಾಣಿ ಎಂದು ಹೆಸರು. ನಿಜಾಮರ ಕಾಲ. ಊರಿನಲ್ಲಿ ಒಬ್ಬ ವಕೀಲ ಸಾಹೇಬರಿದ್ದರು, ವಿಲಾಯತಿಗೆ ಹೋಗಿ ಬಂದವರು. ಬರುವಾಗ ಒಂದು ಛತ್ರಿ, ಒಂದು ಗ್ರಾಮಫೋನು, ಒಂದು ಲಕೋಟೆ ತುಂಬ ಹೂವಿನ ಬೀಜ ತಂದಿದ್ದರು. ಛತ್ರಿಯನ್ನು ಮಳೆ ಇಲ್ಲದ ದಿನವೂ ಹಿಡಿಯುತ್ತಿದ್ದರು. ಗ್ರಾಮಫೋನನ್ನು ಕಿಟಕಿಯಲ್ಲಿಟ್ಟು ಬೀದಿಯ ಕಡೆಗೆ ಬಾಯಿ ತಿರುಗಿಸಿದ್ದರು. ಬೀಜವನ್ನು ಮಾಲಿಯ ಕೈಗೆ ಕೊಟ್ಟು, "ಇದು ಸಾಧಾರಣ ಹೂವಲ್ಲ, ಮಕ್ಕಳ ಹಾಗೆ ನೋಡ್ಕೋ" ಎಂದರು. ಮಾಲಿ ನಮ್ಮ ಓಣಿಯ ಮುದುಕ ಸಾಬ. ಮನೆಯಲ್ಲಿ ಎಂಟು ಮಕ್ಕಳನ್ನು ಬೀದಿಗೆ ಬಿಟ್ಟು ಬೆಳೆಸಿದವನಿಗೆ ಈ ಮಾತು ಅರ್ಥವಾಗಲಿಲ್ಲ. ಆದರೂ ಹುಕುಮಿನಂತೆ ಹೊತ್ತು ಹೊತ್ತಿಗೆ ನೀರು ಹಾಕಿದ. ಹೂವು ಹುಟ್ಟಿತು, ಸೊರಗಿತು, ಸತ್ತಿತು. ಮಣ್ಣಿನ ಸಮೇತ ತೆಗೆದು ಗೋಡೆಯ ಹಿಂದಿನ ಕಸದ ಗುಂಡಿಗೆ ಎಸೆದ.

ಮರುವರ್ಷ ದಸರೆಯ ಹೊತ್ತಿಗೆ ಗೋಡೆಯ ಹಿಂದೆ ಹಳದಿ ಬೆಂಕಿ ಹತ್ತಿದಂತಾಯಿತು. ವಕೀಲ ಸಾಹೇಬರು ಮಾಳಿಗೆ ಮೇಲೆ ನಿಂತು ಬಂದವರಿಗೆಲ್ಲ ತೋರಿಸಿದರು, "ನಮ್ಮ ಬಗೀಚಾ ನೋಡ್ರಿ."

ಮಾಲಿ ಮೆಲ್ಲಗೆ, "ಹುಜೂರ್, ಅದು ಕಸದ ಗುಂಡಿ" ಅಂದ.

"ಹಂಗಾದ್ರ ಗೋಡಿ ಸ್ವಲ್ಪ ಆಚೆ ಕಟ್ಟಸೂಣು."

ಕಟ್ಟಿಸಿಯೂ ಬಿಟ್ಟರು. ಕಸದ ಗುಂಡಿ ಬಗೀಚಾದೊಳಗೆ ಬಂತು. ಹೂವು ಅಷ್ಟರಲ್ಲಿ ಹೊಸ ಗೋಡೆಯಾಚೆ ಕೋಟೆಯ ಕಂದಕಕ್ಕೆ ಇಳಿದಿತ್ತು.

ಊರಿಗೆ ಹೆಮ್ಮೆಯೋ ಹೆಮ್ಮೆ. ಪರಊರಿನವರು ಬಂದರೆ ಮೊದಲು ಹೂವು ತೋರಿಸಿ ಆಮೇಲೆ ನೀರು ಕೊಡುತ್ತಿದ್ದರು. ದೇವರಿಗೆ ಏರಿಸಬಹುದೋ ಇಲ್ಲವೋ ಎಂದು ಹಿರಿಯರು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ವಿಲಾಯತಿಯಲ್ಲಿ ಅದು ಯಾರ ಅಂಗಳದಲ್ಲಿತ್ತೋ, ಏನು ತಿಂದು ಬೆಳೆದಿತ್ತೋ ಗೊತ್ತಿಲ್ಲ; ಆದ್ದರಿಂದ ಬಾಗಿಲಿಗೆ ಕಟ್ಟಬಹುದು, ದೇವರ ತಲೆಗೆ ಬೇಡ ಎಂದು ತೀರ್ಮಾನವಾಯಿತು. ನಮ್ಮ ಎಮ್ಮೆ ಮಾತ್ರ ಒಮ್ಮೆ ಮೂಸಿ ಮುಖ ತಿರುವಿತು. ಇಡೀ ಕಲ್ಯಾಣಿಯಲ್ಲಿ ಆ ಹೂವಿನ ಬಗ್ಗೆ ಖರೆ ಅಭಿಪ್ರಾಯ ಇದ್ದದ್ದು ಅದೊಂದಕ್ಕೇ. ಅದನ್ನು ಯಾರು ಕೇಳಬೇಕು.

ನನ್ನ ಆಯಿ, ಅಂದರೆ ಅಪ್ಪನ ತಾಯಿ, ಯಾವುದನ್ನೂ ಬಿಸಾಡದ ಹೆಂಗಸು. ಹರಿದ ಸೀರೆ ಕೌದಿಯಾಗುತ್ತಿತ್ತು, ಹರಿದ ಕೌದಿ ಸಿಂಬೆಯಾಗುತ್ತಿತ್ತು, ಹರಿದ ಸಿಂಬೆ ಒಲೆಗೆ ಹೋಗಿ ಬೂದಿಯಾಗಿ ಪಾತ್ರೆ ತಿಕ್ಕುವುದಕ್ಕೆ ಬರುತ್ತಿತ್ತು. ನಾನು ಇವತ್ತು ಆಡುವ ಮಾತು ಕೂಡ ಆಕೆ ಬಿಸಾಡದೆ ಇಟ್ಟದ್ದೇ. ಹೂವು ಒಣಗಿದ ಮೇಲೆ ಆಕೆ ಒಂದು ತಲೆ ಮುರಿದು ಅಂಗೈಯಲ್ಲಿ ಉಜ್ಜಿ ನೋಡಿದಳು. ಸಣ್ಣ, ಕಪ್ಪು, ಉದ್ದನೆಯ ಕಾಳು. ಚಟ್ನಿಪುಡಿಗೆ ಹಾಕುವ ಗುರೆಳ್ಳು ಇದ್ದ ಹಾಗೇ ಇತ್ತು.

"ಪುಕಟ ಗುರೆಳ್ಳು ಊರ ತುಂಬ ನಿಂತದ, ನೀವು ಬರೇ ಹೂ ನೋಡಕೋತ ಕುಂತೀರಿ" ಎಂದು ಸೆರಗು ತುಂಬ ಉದುರಿಸಿಕೊಂಡು ಬಂದಳು. ಅರ್ಧ ಹುರಿದು, ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿ ಪುಡಿ ಮಾಡಿದಳು. ಅಜ್ಜ ರೊಟ್ಟಿಗೆ ಹಚ್ಚಿಕೊಂಡು ಒಂದು ತುತ್ತು ತಿಂದ, ಚೆಂಬು ನೀರು ಕುಡಿದ, ಆಮೇಲೆ ಕೇಳಿದ, "ಇದು ಎಲ್ಲಿಂದು?"

"ವಕೀಲರ ಗೋಡಿ ಹಿಂದಿಂದು."

"ಅವರ ಮ್ಯಾಲ ಒಂದು ಖಟ್ಲೆ ಹಾಕು. ವಕೀಲ್ರನ್ನ ಹುಡುಕೂದೂ ತಪ್ತದ."

ಹುರಿದದ್ದು ಹೋಯಿತು. ಹುರಿಯದ ಅರ್ಧವನ್ನು ಆಯಿ ಎಸೆಯಲಿಲ್ಲ. ತಿನ್ನುವುದಕ್ಕೆ ಬರಲಿಲ್ಲ ಅಂದರೆ ಬಿತ್ತುವುದಕ್ಕೆ ಬರುತ್ತದೆ ಎಂದು ಬಿತ್ತನೆಯ ಗುರೆಳ್ಳಿನ ಗಡಿಗೆಗೆ ಸುರಿದುಬಿಟ್ಟಳು.

ಮಗಳು ತವರಿನಿಂದ ಹೊರಟಾಗ ಸೆರಗು ಒಡ್ಡಿಸಿ ಉಡಿ ತುಂಬುವುದು ಎಲ್ಲ ಕಡೆ ಇದ್ದದ್ದೇ: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಬೇರು, ಉತ್ತತ್ತಿ, ಎಲೆ ಅಡಿಕೆ. ನಮ್ಮ ಓಣಿಯ ಒಕ್ಕಲುತನದ ಮನೆಗಳಲ್ಲಿ ಇದರ ಜೊತೆಗೆ ಬಿತ್ತನೆಯ ಕಾಳನ್ನೂ ಕೊಡುತ್ತಿದ್ದರು: ಜೋಳ, ಗೋಧಿ, ಕಡಲೆ, ತೊಗರಿ, ಗುರೆಳ್ಳು. ಮದುಮಗಳು ಅದನ್ನು ಗಂಡನ ಮನೆಯ ಬೀಜದಲ್ಲಿ ಬೆರೆಸಬೇಕು. ತವರಿನ ಕಾಳು ಗಂಡನ ಹೊಲದಲ್ಲಿ ಹುಟ್ಟಿತು ಅಂದರೆ ಆಕೆಯೂ ಆ ಮನೆಯಲ್ಲಿ ಬೇರು ಬಿಟ್ಟಳು ಎಂದು ಲೆಕ್ಕ. ಆಯಿ ಮಕ್ಕಳು ಮೊಮ್ಮಕ್ಕಳು ಕಂಡ ಮುತ್ತೈದೆ, ಕೈಗುಣ ಒಳ್ಳೆಯದು ಎಂದು ಓಣಿಯ ಎಲ್ಲ ಹುಡುಗಿಯರಿಗೂ ಆಕೆಯನ್ನೇ ಕರೆಯುತ್ತಿದ್ದರು. ಆಕೆಯೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ, ತನ್ನ ಗಡಿಗೆಯಿಂದಲೇ ಒಂದೊಂದು ಹಿಡಿ ತಗೊಂಡು ಹೋಗುತ್ತಿದ್ದಳು. ಆ ವರ್ಷಗಳಲ್ಲಿ ನಮ್ಮ ಓಣಿಯ ಹುಡುಗಿಯರು ಯಾವ ಯಾವ ಊರಿಗೆ ಮದುವೆಯಾಗಿ ಹೋದರೋ ಆ ಊರುಗಳನ್ನೆಲ್ಲ ಒಂದು ಗೆರೆಯಿಂದ ಕೂಡಿಸಿದರೆ, ಕೃಷಿ ಕಾಲೇಜಿನವರು ಕಷ್ಟಪಟ್ಟು ಬರೆಯುವ ನಕ್ಷೆ ಪುಕಟ ಸಿಗುತ್ತದೆ.

ನನ್ನನ್ನು ನೋಡಲು ಹುಮನಾಬಾದಿನವರು ಬಂದದ್ದು ಹೂವು ಉಕ್ಕಿ ನಿಂತಿದ್ದ ದಿನಗಳಲ್ಲಿ. ನನ್ನನ್ನು ನೋಡಿದ್ದಕ್ಕಿಂತ ಹೂವನ್ನೇ ಹೆಚ್ಚು ನೋಡಿದರು. "ಇಂಥಾದ್ದು ನಮ್ಮ ಕಡಿ ಇಲ್ಲ ಬಿಡ್ರಿ" ಎಂದು ಆಮೇಲೆ ನನಗೆ ಅತ್ತೆಯಾದವರು ಒಪ್ಪಿಕೊಂಡರು.

ಅಪ್ಪ ಮೀಸೆಯ ಮೇಲೆ ಕೈಯಾಡಿಸಿ, "ವಿಲಾಯತಿಂದ ಖಾಸ್ ಬಂದದ್ರಿ. ಹುಮನಾಬಾದದಾಗ ಎಲ್ಲಿ ಸಿಗಬೇಕು" ಅಂದ. ಆ ಮಾತನ್ನು ಆಡದೆ ಇದ್ದಿದ್ದರೆ ನನ್ನ ಮುಂದಿನ ಕಷ್ಟ ಅರ್ಧ ಕಡಿಮೆಯಾಗುತ್ತಿತ್ತು. ಬೀಗರು ಉಂಡದ್ದನ್ನು ಮರೆಯುತ್ತಾರೆ, ಅನ್ನಿಸಿಕೊಂಡದ್ದನ್ನು ಮರೆಯುವುದಿಲ್ಲ.

ಬೇಸಿಗೆಯಲ್ಲಿ ಮದುವೆಯಾಯಿತು. ಆಯಿ ಕಣ್ಣೀರು ಒರೆಸಿಕೊಳ್ಳುತ್ತ ಉಡಿ ತುಂಬಿದಳು, ಮೊಮ್ಮಗಳೆಂದು ಗುರೆಳ್ಳು ಎರಡು ಹಿಡಿ ಹೆಚ್ಚೇ ಬಿತ್ತು. ಹುಮನಾಬಾದಿಗೆ ಬಂದು ಪದ್ಧತಿಯಂತೆ ಅದನ್ನು ಬಿತ್ತನೆಯ ಕಾಳಿಗೆ ಬೆರೆಸಿದೆ. ಮಾವನವರ ಹೊಲ ಸಡಕಿಗೆ ಹತ್ತಿ ಇತ್ತು. ಮಳೆಯಾಯಿತು, ಬಿತ್ತಿದರು. ದಸರೆಯ ಹೊತ್ತಿಗೆ ಬದುವಿನ ಗುಂಟ, ಬಾವಿಯ ದಂಡೆಗೆ ಒಂದಷ್ಟು ಎತ್ತರದ ಗಿಡ ಎದ್ದು ಹಳದಿ ಹೂವು ಬಿಟ್ಟವು.

ಅತ್ತೆಯವರ ಸಂಭ್ರಮ ಹೇಳಬಾರದು. ಓಣಿಯ ಹೆಂಗಸರನ್ನು ಕರಕೊಂಡು ಹೋಗಿ ತೋರಿಸಿದರು. "ಕಲ್ಯಾಣಿಯವರು ಹುಮನಾಬಾದದಾಗ ಸಿಗೂದಿಲ್ಲ ಅಂದಿದ್ರು. ಈಗ ಬಂದು ನೋಡ್ಲಿ. ನಮ್ಮ ಸೊಸಿ ಕಾಲ್ಗುಣ, ಕಾಲಿಟ್ಟಲ್ಲಿ ಬಂಗಾರ ಹುಟ್ಟೇದ." ನನ್ನ ಕಾಲಿಗೆ ಆ ವರ್ಷ ಬಹಳ ಮರ್ಯಾದೆ ಇತ್ತು. ಹೊಸ ಕಾಲುಂಗುರವೂ ಬಂತು. ಹೂವು ಒಣಗಿದಾಗ ಅತ್ತೆ ತಾವೇ ಕೂತು ಬೀಜ ಉದುರಿಸಿ, ಮನ್ನಾಏಖೇಳ್ಳಿಗೆ ಕೊಟ್ಟಿದ್ದ ಮಗಳು ಹಬ್ಬಕ್ಕೆ ಬಂದಾಗ ಆಕೆಯ ಉಡಿಯಲ್ಲಿ ಕೈತುಂಬ ಹಾಕಿದರು. "ಬರೇ ಜೋಳ ಕೊಟ್ಟು ಕಳಿಸಿದ್ಲು ಅಂತ ನಿಮ್ಮತ್ತಿ ಅನ್ನಬಾರದು. ವಿಲಾಯ್ತಿ ಹೂ ಅಂತ ಹೇಳು" ಎಂದು ನಾದಿನಿಗೆ ಹೇಳಿಕೊಟ್ಟದ್ದನ್ನು ನಾನೇ ಕೇಳಿದ್ದೆ.

ಮರುವರ್ಷ ಬಂಗಾರ ಬದುವಿನಿಂದ ಇಳಿದು ಹೊಲದೊಳಗೆ ಬಂತು. ಮಾವನವರು "ಸ್ವಲ್ಪ ಹೆಚ್ಚಾಗೇದ" ಅಂದರು. ಅತ್ತೆ "ಬಂಗಾರ ಎಂದಾದರೂ ಹೆಚ್ಚಾಗ್ತದೇನು" ಅಂದರು. ಮೂರನೆಯ ಮಳೆಗಾಲಕ್ಕೆ ಜೋಳ ಎಲ್ಲಿ, ಹೂವು ಎಲ್ಲಿ ಎಂದು ಹುಡುಕಬೇಕಾಯಿತು. ಜೋಳವನ್ನೇ ಹುಡುಕಬೇಕಿತ್ತು, ಹೂವು ಕಣ್ಣಿಗೆ ರಾಚುತ್ತಿತ್ತು. ನೆಲದ ನೀರೆಲ್ಲ ಅದೇ ಕುಡಿಯಿತು, ಬಿಸಿಲೆಲ್ಲ ಅದೇ ಉಂಡಿತು. ದನ ಬಾಯಿ ಹಾಕಲಿಲ್ಲ. ಕಾಂಡ ಪೊಳ್ಳು, ಒಲೆಗೆ ಹಾಕಿದರೆ ಹೊಗೆ. ಬೇರೇನೂ ಅಲ್ಲದಿದ್ದರೂ ಬೇಲಿಗಾದರೂ ಆದೀತು ಎಂದರೆ ಮುಟ್ಟಿದರೆ ಮುರಿಯುತ್ತಿತ್ತು.

ಆಗ ಎರಡೂ ಊರಿನ ಮಾತು ಬದಲಾಯಿತು. ಕಲ್ಯಾಣಿಯಲ್ಲಿ ವಕೀಲ ಸಾಹೇಬರು ಆ ಪೀಡೆ ಹುಮನಾಬಾದಿನ ಮೋಟಾರಿನ ಗಾಲಿಗೆ ಹತ್ತಿಕೊಂಡು ಬಂದದ್ದು ಎಂದು ಹೇಳತೊಡಗಿದರಂತೆ. ಹುಮನಾಬಾದಿನವರು ಕಲ್ಯಾಣಿಯ ಕಸ ಎಂದರು. ಹೊಗಳಿಕೆಯ ಕಾಲದಲ್ಲಿ ಇಬ್ಬರಿಗೂ ಬೇಕಾಗಿದ್ದ ಹೂವು ಬೈಗುಳದ ಕಾಲದಲ್ಲಿ ತಬ್ಬಲಿಯಾಯಿತು.

ಇಷ್ಟಾದರೂ ಮಾವನವರು ಸುಮ್ಮನೆ ಇರುತ್ತಿದ್ದರೋ ಏನೋ. ಒಂದು ದಿನ ಗಿರದಾವರ ಸಾಹೇಬರು ಕುದುರೆ ಮೇಲೆ ಸಡಕಿನಲ್ಲಿ ಬಂದರು. ಯಾವ ಹೊಲದಲ್ಲಿ ಏನು ಬೆಳೆ ಎಂದು ಸರ್ಕಾರಕ್ಕೆ ಹೇಳುವ ಅಧಿಕಾರಿ. ದೊಡ್ಡ ಯುದ್ಧ ನಡೆದಿದ್ದ ಕಾಲ. ಬೆಳೆದದ್ದರಲ್ಲಿ ಇಷ್ಟು ಪಾಲು ಸರ್ಕಾರಕ್ಕೆ ಹಾಕಬೇಕಿತ್ತು. ಸಾಹೇಬರು ಕುದುರೆ ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಬೇಕು. ದೂರದಿಂದ ಗುರೆಳ್ಳಿನ ಹೂವೂ ಹಳದಿಯೇ. ಅಲ್ಲಿಂದಲೇ ಕಣ್ಣಿಗೆ ಕೈ ಅಡ್ಡ ಹಿಡಿದು, "ವಾಹ್, ಈ ವರ್ಷ ಗುರೆಳ್ಳು ಬಹುತ್ ಅಚ್ಛಾ ಬಂದದ" ಅಂದರು.

ಅದು ಕಳೆ ಸಾಹೇಬ್ರ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸಡಕಿಗೆ ಹತ್ತಿದ ಹೊಲ, ಪಕ್ಕದ ಹೊಲದವ ಬದುವಿನಲ್ಲೇ ನಿಂತಿದ್ದಾನೆ, ನನ್ನ ಹೊಲದ ತುಂಬ ಕಳೆ ಎಂದು ಒಬ್ಬ ಒಕ್ಕಲಿಗ ಬಾಯಿಬಿಟ್ಟು ಹೇಳುವುದು ಹೇಗೆ. ಮಾವನವರು ಕೈಮುಗಿದು, "ನಿಮ್ಮ ದುವಾ, ಸಾಹೇಬ್ರ" ಅಂದರು. ಸಾಹೇಬರು ಸಂತೋಷದಿಂದ ಹೋದರು. ಸ್ವಲ್ಪ ದಿನದಲ್ಲೇ ಗುರೆಳ್ಳಿನ ಪಾಲು ಹಾಕಿರೆಂದು ಹುಕುಮು ಬಂತು. ಇಲ್ಲದ ಗುರೆಳ್ಳನ್ನು ಮಾವನವರು ಹುಮನಾಬಾದಿನ ಅಡತಿ ಅಂಗಡಿಯಲ್ಲಿ ಕೊಂಡು ಸರ್ಕಾರಕ್ಕೆ ಹಾಕಿ ಬಂದರು. ಬಂದವರು ಅಂಗಳದಲ್ಲಿ ಕೂತು, ಗಿರದಾವರನಿಗೆ ಅನ್ನಲಾರದ್ದನ್ನು, ತಮಗೆ ತಾವೇ ಅಂದುಕೊಳ್ಳಲಾರದ್ದನ್ನು ಎಲ್ಲ ಸೇರಿಸಿ, ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಕಡೆ ತಿರುಗಿಸಿದರು.

"ಈ ಪೀಡಾ ಯಾರ ಉಡಿಯಾಗ ಬಂತು ಕೇಳು."

ಅತ್ತೆ ಕೇಳಬೇಕಾಗಿರಲಿಲ್ಲ. ಕಾಲ್ಗುಣ ಅಂದವರೂ ಅವರೇ ಅಲ್ಲವೇ. ಅದೇ ಕಾಲು ಈಗ ಬೇರೆಯಾಗಿ ಕಂಡಿತು. "ಅವರಪ್ಪ ಆವತ್ತ ಹೇಳಿದ್ದ, ವಿಲಾಯತಿಂದ ಖಾಸ್ ತರಿಸೀವಿ ಅಂತ. ಖಾಸ್ ನಮಗ ತರಿಸಿದ್ದು ಅಂತ ಈಗ ತಿಳೀತು." ಆಮೇಲೆ ಸ್ವರ ತಗ್ಗಿಸಿ, "ದೀಪಾವಳಿಗಿ ತವರಿಗಿ ಕಳಸೂಣು" ಅಂದರು.

ಕೇಳುವುದಕ್ಕೆ ಸಿಹಿ ಮಾತು. ಆದರೆ ನಮ್ಮ ಕಡೆ ಹೆಣ್ಣುಮಗಳನ್ನು ತವರಿಗೆ ಕಳಿಸುವುದು ಅರ್ಧ ಕೆಲಸ. ಗಂಡನ ಮನೆಯಿಂದ ಯಾರಾದರೂ ಬಂದು ಕರೆದೊಯ್ದರೆ ಅದು ಪೂರ್ತಿಯಾಗುತ್ತದೆ. ಕರೆಯಲು ಬರಲಿಲ್ಲ ಅಂದರೆ ಆಕೆ ತಾನಾಗಿ ವಾಪಸು ಬರುವ ಹಾಗಿಲ್ಲ. ಯಾರೂ ಬೈಯುವುದಿಲ್ಲ, ಯಾರೂ ಬಿಟ್ಟೆವು ಎನ್ನುವುದಿಲ್ಲ, ಬರೀ ಬಂಡಿ ಬರುವುದಿಲ್ಲ. ನಮ್ಮ ಓಣಿಯಲ್ಲಿ ಹಾಗೆ ಹಬ್ಬಕ್ಕೆ ಬಂದು ತಲೆ ನೆರೆಯುವವರೆಗೆ ಹಬ್ಬ ಮುಗಿಯದವರಿದ್ದರು. ನನ್ನ ಬೆನ್ನಿಗೆ ಇನ್ನಿಬ್ಬರು ತಂಗಿಯರು ಮದುವೆಗೆ ಇದ್ದರು.

ನಮ್ಮ ಮನೆಯವರು ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ತಾಯಿಯ ಮುಂದೆ ಮಾತಾಡುತ್ತಿರಲಿಲ್ಲ. ನಾನು ನೀರು ಸೇದುವಾಗ ಪಕ್ಕಕ್ಕೆ ಬಂದು, "ನಾ ಬರ್ತೀನಿ ಕರಿಯಾಕ" ಅಂದರು.

"ಅವ್ವ ಬ್ಯಾಡ ಅಂದ್ರ?"

ಹಗ್ಗ ಮುಟ್ಟಿ ನೋಡಿದರು. "ಹಗ್ಗ ಸವದದ, ಬದಲಿ ಮಾಡಬೇಕು" ಅಂದರು. ಉತ್ತರ ಸಿಕ್ಕಿತು.

ಟ್ರಂಕಿನಲ್ಲಿ ಸೀರೆ ಮಡಚಿಟ್ಟು ಪಡಸಾಲೆಗೆ ತಂದಿಟ್ಟೆ. ಮರುದಿನ ಬಂಡಿ ಹೂಡುವುದೆಂದು ಮಾತಾಗಿತ್ತು. ಸಂಜೆ ಬಂಡಿ ಬಂದೇ ಬಂತು, ಆದರೆ ನಮ್ಮದಲ್ಲ. ಮನ್ನಾಏಖೇಳ್ಳಿಯದು. ಅದರೊಳಗಿಂದ ಒಂದು ಟ್ರಂಕು ಇಳಿಯಿತು, ಅದರ ಹಿಂದೆ ಅತ್ತು ಅತ್ತು ಕಣ್ಣು ಕೆಂಪಗಾದ ನನ್ನ ನಾದಿನಿ ಇಳಿದಳು.

ಬಂಡಿಯವ ಎತ್ತಿನ ಕೊರಳು ತುರಿಸುತ್ತ ಹೇಳಿದ, "ಹಬ್ಬ ಆರಾಮಾಗಿ ಮಾಡ್ರಿ ಅಂದಾರ್ರಿ. ಕರಿಯಾಕ ಬರೂದು ಹೊಲ ಹಸನಾದ ಮ್ಯಾಲ ನೋಡೂಣು ಅಂದಾರ."

"ಯಾವ ಹೊಲ?" ಎಂದರು ಅತ್ತೆ.

"ಹಳದಿ ಹೂವಿಂದ್ರಿ. ನಿಮ್ಮ ಮಗಳ ಉಡಿಯಾಗ ಬಂದದ್ದಂತ. ತೊಗರಿ ಎಲ್ಲಾ ನುಂಗೇದ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದರು. "ಗಾಳಿಗಿ ಹಾರೂ ಬೀಜಕ್ಕ ಹೆಣ್ಣಮಗಳು ಏನ ಮಾಡ್ಯಾಳು? ಉಡಿಯಾಗ ಏನ ಹಾಕಬೇಕು ಅಂತ ಆಕಿ ಹೇಳ್ಯಾಳೇನು? ಸೆರಗು ಒಡ್ಡು ಅಂದ್ರ ಒಡ್ತಾಳ. ಹೊಲ ಗಂಡಸರದು, ಬಿತ್ತಿದವರು ಗಂಡಸರು, ಹೋದ ವರ್ಷ ಚಂದ ಅದ ಅಂತ ನೋಡಕೋತ ಕುಂತವರು ಗಂಡಸರು. ಟ್ರಂಕು ಮಾತ್ರ ಹೆಂಗಸಿಂದು. ಇದು ಯಾವ ನ್ಯಾಯ? ನಾಳೆ ನಿಮ್ಮ ಹಿರ್ಯಾರಿಗಿ ಬರಾಕ ಹೇಳು. ನನ್ನ ಮುಂದ ಕೂತು ಮಾತಾಡ್ಲಿ."

ನಾನು ಬಾಗಿಲ ಹಿಂದೆ ನಿಂತಿದ್ದೆ. ನನ್ನ ಪರವಾಗಿ ಕಲ್ಯಾಣಿಯ ವಕೀಲ ಸಾಹೇಬರೇ ಬಂದು ವಾದಿಸಿದ್ದರೂ ಇಷ್ಟು ಚಂದ ಆಗುತ್ತಿರಲಿಲ್ಲ. ಮಾವನವರಿಗೂ ಅದೇ ಅನ್ನಿಸಿರಬೇಕು. ಕೆಮ್ಮಿದರು. "ಹಂಗಾದ್ರ ನಮ್ಮ ಸೊಸಿದೂ..."

"ಅದು ಬ್ಯಾರೆ ಮಾತು."

"ಹ್ಯಾಂಗ ಬ್ಯಾರೆ?"

"ಬ್ಯಾರೆ ಅಂದ್ರ ಬ್ಯಾರೆ."

ಬಂಡಿಯವ ಎಲ್ಲ ಕೇಳುತ್ತ, ಪಡಸಾಲೆಯಲ್ಲಿದ್ದ ನನ್ನ ಟ್ರಂಕನ್ನೂ ನೋಡುತ್ತ ನೀರು ಕುಡಿದು ಹೋದ.

ಮರುದಿನ ಮನ್ನಾಏಖೇಳ್ಳಿಯ ಬೀಗರು, ಅಂದರೆ ನಾದಿನಿಯ ಮಾವ, ಖುದ್ದಾಗಿ ಬಂದರು. ಸಣಕಲು ಮನುಷ್ಯ, ಮಾತು ನಿಧಾನ. ಅವರ ಬಂಡಿ ಓಣಿಯ ತುದಿಯಲ್ಲಿ ಕಂಡದ್ದೇ ಅತ್ತೆ ಒಂದು ಕೌದಿ ತಂದು ನನ್ನ ಟ್ರಂಕಿನ ಮೇಲೆ ಹೊದಿಸಿದರು. ಬೀಗರು ಬಂದು ನೇರವಾಗಿ ಅದರ ಮೇಲೆಯೇ ಕೂತರು.

"ಈ ಗಾದಿ ಭಾಳ ಗಟ್ಟಿ ಅದಲ್ರಿ."

"ಹೊಸಾ ಹತ್ತಿರಿ" ಎಂದರು ಅತ್ತೆ.

ಬೀಗರು ಎಲೆಗೆ ಸುಣ್ಣ ಹಚ್ಚುತ್ತ, "ನಿಮ್ಮ ಸೊಸಿ ಕಾಣವಲ್ಲಳು. ಕಲ್ಯಾಣಿಗಿ ಹೋದ್ಳೇನು? ಟ್ರಂಕು ಕಟ್ಟ್ಯಾಳ ಅಂತ ನಮ್ಮ ಬಂಡಿಯವ ಅಂದ" ಎಂದರು.

ಈಗ ಅತ್ತೆಗೆ ಇಕ್ಕಟ್ಟು. ನಾನು ಹೋಗಿದ್ದೇನೆ, ಹೋಗಲಿದ್ದೇನೆ ಎಂದರೆ ಅವರ ಮಗಳ ಖಟ್ಲೆ ಅಲ್ಲಿಗೇ ಬಿದ್ದುಹೋಯಿತು. "ಆಕಿ ಯಾಕ ಹೋಗ್ತಾಳ? ಒಳಗ ಅದಾಳ" ಎಂದು ನನ್ನನ್ನು ಕರೆದರು. ಆ ದನಿಯಲ್ಲಿ ಅಷ್ಟು ಬೆಲ್ಲವನ್ನು ನಾನು ಮೂರು ವರ್ಷದಲ್ಲಿ ಕೇಳಿರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು ನೀರಿನ ತಂಬಿಗೆ ಇಟ್ಟೆ.

ಬೀಗರು ನನ್ನನ್ನೇ ಕೇಳಿದರು, "ನೀ ಹೇಳವ್ವ. ಈ ಹೂ ಎಲ್ಲಿಂದ ಬಂತು?"

ಎಲ್ಲರೂ ನನ್ನ ಕಡೆ ನೋಡಿದರು. ಗೊತ್ತಿಲ್ಲ ಎಂದರೆ ಕಳ್ಳಿಯ ಹಾಗೆ ಕಾಣುತ್ತಿದ್ದೆ. ಗಾಳಿಗೆ ಬಂತು ಎಂದರೆ ಬೀಗರು ನಗುತ್ತಿದ್ದರು. ಹೇಗೂ ಟ್ರಂಕು ಕಟ್ಟಿ ಆಗಿದೆ ಎಂದು ನನಗೆ ಒಂಥರಾ ಧೈರ್ಯ ಬಂತು.

"ನಮ್ಮ ಆಯಿ ನನ್ನ ಉಡಿಯಾಗ ಹಾಕಿದ್ದು ಖರೇರಿ."

ಅತ್ತೆ ಕಣ್ಣು ಮುಚ್ಚಿಕೊಂಡರು.

"ಅತ್ತಿಯವರು ಅದನ್ನ ಮಗಳ ಉಡಿಯಾಗ ಹಾಕಿದ್ದೂ ಖರೇರಿ. ಚಂದ ಅದ ಅಂತ ಪ್ರೀತಿಲೇ ಹಾಕಿದ್ರು."

ಬೀಗರ ಮುಖದ ಮೇಲೆ ಗೆದ್ದ ನಗು ಬಂತು. "ಮುಂದ?"

"ಮುಂದಿಂದು ನೀವ ಹೇಳಬೇಕ್ರಿ. ನಿಮ್ಮ ಮಗಳನ್ನ ಕೊಹಿನೂರ ಊರಿಗಿ ಕೊಟ್ಟೀರಲ್ರಿ. ಪಂಚಮಿಗಿ ಬಂದಾಗ ಆಕಿ ಉಡಿಯಾಗ ಏನೇನು ಹಾಕಿದ್ರಿ?"

ನನಗೇನು ಗೊತ್ತಿತ್ತು. ಅಂದಾಜು ಅಷ್ಟೇ. ಚಂದದ್ದೊಂದು ಮನೆಗೆ ಬಂದ ಮೇಲೆ ಅದರಲ್ಲಿ ಒಂದು ಹಿಡಿ ಮಗಳಿಗೆ ಕೊಡದೆ ಇರುವ ಮನೆ ನಮ್ಮ ಕಡೆ ಇಲ್ಲ.

ಬೀಗರ ಬಾಯೊಳಗಿನ ಎಲೆ ಅಲ್ಲೇ ನಿಂತಿತು. ಹೊರಗೆ ಹೋಗಿ ಉಗುಳಿ ಬಂದರು. ಮತ್ತೆ ಟ್ರಂಕಿನ ಮೇಲೆ ಕೂತರು. "ನಾ ಹಾಕಿಲ್ಲ. ನಮ್ಮ ಮನ್ಯಾಕಿ ಹಾಕಿದ್ಲು" ಅಂದರು.

"ಎಷ್ಟು?" ಎಂದರು ಅತ್ತೆ, ಕಣ್ಣು ತೆರೆದು.

"ಸೇರು ಮ್ಯಾಲ ಇರಬೇಕು. ಕೊಹಿನೂರದ ಬೀಗರು ಭಾಳ ಖುಷ್ ಆಗ್ಯಾರ. ಬಾವಿ ದಂಡಿಗಿ ಹೂ ಬಿಟ್ಟದ, ನಿಮ್ಮ ಮಗಳ ಕಾಲ್ಗುಣ ಅಂತ ಮನ್ನಿ ಹೇಳಿ ಕಳಿಸಿದ್ರು."

ಕಾಲ್ಗುಣದ ಮುಂದಿನ ಮೆಟ್ಟಿಲು ಯಾವುದೆಂದು ಆ ಪಡಸಾಲೆಯಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಇನ್ನೆರಡು ಮಳೆಗಾಲಕ್ಕೆ ಕೊಹಿನೂರದಿಂದ ಒಂದು ಬಂಡಿ ಮನ್ನಾಏಖೇಳ್ಳಿಗೆ ಹೊರಡುತ್ತದೆ. ಅದರಲ್ಲಿ ಇವರ ಮಗಳು, ಅವಳ ಟ್ರಂಕು. ಕೊಹಿನೂರದವರಿಗೂ ಹೆಣ್ಣುಮಕ್ಕಳಿದ್ದಾರೆ, ಅವರೂ ಎಲ್ಲಿಗೋ ಉಡಿ ತುಂಬಿ ಕಳಿಸಿರುತ್ತಾರೆ. ಲೆಕ್ಕ ಹಾಕುತ್ತ ಹೋದರೆ ನಿಜಾಮರ ರಾಜ್ಯದ ಬಂಡಿಗಳೆಲ್ಲ ಸೊಸೆಯಂದಿರನ್ನು ಹೇರಿಕೊಂಡು ಸಡಕಿನ ಮೇಲೆ ನಿಲ್ಲಬೇಕು.

ಬೀಗರು ಎದ್ದರು. "ನಮ್ಮ ಸೊಸಿಗಿ ಬರಾಕ ಹೇಳ್ರಿ. ಕರಿಯಾಕ ಬಂದೀನಿ."

"ಹಬ್ಬ ಮುಗಿಸಿ ಬರ್ತಾಳ" ಎಂದರು ಅತ್ತೆ. ಅವರ ದನಿಗೆ ಬಿಗುವು ವಾಪಸು ಬಂದಿತ್ತು.

"ಬ್ಯಾಡ್ರಿ, ಈಗ ಹೊಂಡಬೇಕು. ಆಕೀನ ಮನಿಗಿ ಬಿಟ್ಟು ನಾ ಕೊಹಿನೂರಕ್ಕ ಹೋಗ್ತೀನಿ. ಬೀಜ ಉದುರೂದರೊಳಗ ಬಾವಿ ದಂಡೀದು ಕಿತ್ತು ಬರಬೇಕು."

"ಬೀಗರ ಹೊಲದಾಗ ನೀವು ಕಳೆ ಕೀಳ್ತೀರೇನು? ಅವರು ಏನು ಅಂದಾರು?" ಎಂದರು ಮಾವ.

"ಔಷಧಕ್ಕ ಬೇಕಾಗ್ಯಾವ ಅಂತೀನಿ." ಸ್ವಲ್ಪ ಯೋಚಿಸಿ, "ಬೇರು ಸಮೇತ ಬೇಕಾಗ್ಯಾವ ಅಂತೀನಿ" ಎಂದು ಸೇರಿಸಿದರು. ನಾದಿನಿಯ ಟ್ರಂಕನ್ನು ತಾವೇ ಹೊತ್ತು ಬಂಡಿಯೊಳಗೆ ಇಟ್ಟರು. ಹೋಗುವಾಗ ಕೌದಿಯ ಕಡೆ ಒಮ್ಮೆ ನೋಡಿ ಅತ್ತೆಗೆ, "ಆ ಹೊಸಾ ಹತ್ತಿ ಸ್ವಲ್ಪ ಹಿಂಜಸ್ರಿ" ಅಂದರು.

ಬಂಡಿ ಓಣಿ ದಾಟಿತು. ನಮ್ಮ ಮನೆಯವರು ಹೊಸ ಹಗ್ಗ ಹೊಸೆಯುತ್ತ ಮೂಲೆಯಲ್ಲಿ ಕೂತಿದ್ದವರು, ಎಲ್ಲ ಮುಗಿದ ಮೇಲೆ ಧೈರ್ಯ ಬಂದು, "ಅವ್ವ, ಇವತ್ತಿನ ಬಂಡಿ..." ಅಂದರು.

"ನಾಳೆ ಹೊಲಕ್ಕ" ಎಂದರು ಅತ್ತೆ. "ಹೊಲ ಹಸನಾಗ್ಲಿ. ಆಮ್ಯಾಲ ನೀನ ಕಲ್ಯಾಣಿಗಿ ಕರಕೊಂಡು ಹೋಗು, ನೀನ ಕರಕೊಂಡು ಬಾ. ಅವರ ಆಯಿಗಿ ಹೇಳು, ಬರೂವಾಗ ಉಡಿಯಾಗ ಬರೇ ಕೊಬ್ಬರಿ ಹಾಕಂತ."

ಮರುದಿನ ಬೆಳಕು ಹರಿಯುವ ಮುಂಚೆ ಎಲ್ಲರೂ ಎದ್ದೆವು. ರೊಟ್ಟಿ ಬುತ್ತಿ ಕಟ್ಟಿದೆ. ತವರಿಗೆಂದು ಉಟ್ಟಿದ್ದ ಹಸಿರು ಸೀರೆಯಲ್ಲೇ ಹೊರಟು ನಿಂತಿದ್ದೆ, ಬೇರೆಯವೆಲ್ಲ ಒಳಗಿದ್ದವು, ಟ್ರಂಕು ಬಿಚ್ಚು ಎಂದು ನನಗೆ ಯಾರೂ ಹೇಳಿರಲಿಲ್ಲ. ಅತ್ತೆ ಹೊಸ್ತಿಲಲ್ಲಿ ಕುಡಗೋಲು ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೌದಿಯನ್ನು ತಾವೇ ಎಳೆದು ಪಕ್ಕಕ್ಕೆ ಇಟ್ಟರು.

"ಹಳೇದೊಂದು ತಗದು ಉಟಗೋ. ಉಳದದ್ದು ಗಳದ ಮ್ಯಾಲ ಹಾಕು. ಒಳಗ ಇಟ್ರ ಮುಗ್ಗು ಹಿಡೀತಾವ."